ಕೆರೆಯ ಮೀನಿನ ಲೆಕ್ಕ, ನೀರಿನ ಲೆಕ್ಕ

ಧಾರವಾಡ ಮತ್ತು ಹುಬ್ಬಳ್ಳಿಗಳ ನಡುವೆ ಪುಣೆ–ಬೆಂಗಳೂರು ರಸ್ತೆಯ ಎಡಬಲಕ್ಕಿರುವ ಲಕಮನಹಳ್ಳಿ, ಸತ್ತೂರು, ನವಲೂರು, ರಾಯಾಪುರ, ಉಣಕಲ್ ಮೊದಲಾದ ಊರುಗಳು ಆಡಳಿತದ ದೃಷ್ಟಿಯಿಂದ ಇಂದು ನಗರದ ಬಡಾವಣೆಗಳಾಗಿದ್ದರೂ, ಮಳೆನೀರಿನ ಮಟ್ಟಿಗೆ ಅವು ಇನ್ನೂ ಹಳೆಯ ಊರುಗಳೇ ಆಗಿವೆ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿರುವ, ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಈ ನೆಲವು ಒಂದು ಜಲವಿಭಜಕದ ಮೇಲೆ ಕುಳಿತಿದೆ. ಪಶ್ಚಿಮಕ್ಕೆ ಇಳಿದ ನೀರು ಶಾಲ್ಮಲೆ ಮತ್ತು ಬೇಡ್ತಿಯಾಗಿ ಹರಿದು ಗಂಗಾವಳಿ ಎಂಬ ಹೆಸರಿನಲ್ಲಿ ಅರಬ್ಬೀ ಸಮುದ್ರವನ್ನು ಸೇರಿದರೆ, ಪೂರ್ವಕ್ಕೆ ಇಳಿದದ್ದು ಬೆಣ್ಣಿಹಳ್ಳದ ಮೂಲಕ ಮಲಪ್ರಭೆಯನ್ನು, ಅಲ್ಲಿಂದ ಕೃಷ್ಣೆಯನ್ನು ಕೂಡಿ ಬಂಗಾಳಕೊಲ್ಲಿಗೆ ಹೋಗುತ್ತದೆ. ನೀರು ಎರಡೂ ಕಡೆಗೆ ಜಾರಿಹೋಗುವ ಇಂಥ ದಿಬ್ಬದ ಮೇಲೆ ವರ್ಷವಿಡೀ ಹರಿಯುವ ಹೊಳೆ ಇರುವುದಿಲ್ಲವಾದ್ದರಿಂದ, ಹಳ್ಳಕ್ಕೆ ಅಡ್ಡಲಾಗಿ ಒಡ್ಡು ಹಾಕಿ ಮಳೆಗಾಲದ ನೀರನ್ನು ಹಿಡಿದಿಟ್ಟುಕೊಳ್ಳುವುದೇ ಇಲ್ಲಿನ ಜನ ಕಂಡುಕೊಂಡ ಉಪಾಯವಾಯಿತು. ಕೆಲಗೇರಿ, ಸಾಧನಕೇರಿ, ನುಗ್ಗಿಕೇರಿ, ನವಲೂರು, ಉಣಕಲ್, ರಾಯನಾಳದ ಕೆರೆಗಳಂಥವು ಈ ಸಾಲಿಗೆ ಸೇರಿದವು. ಇಂಥ ಸಣ್ಣ ಕೆರೆಗಳಲ್ಲಿ ಎಷ್ಟು ಮೀನು ಇರಬೇಕು, ಎಷ್ಟು ಹಿಡಿಯಬೇಕು, ಅದನ್ನು ಯಾರು ನಿರ್ಧರಿಸಬೇಕು ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಮೀನುಗಾರಿಕೆ ಇಲಾಖೆಗೆ ಮಾತ್ರ ಸೇರಿದ್ದೆಂದು ತೋರಿದರೂ, ಬಿಡಿಸುತ್ತ ಹೋದಂತೆ ಅದು ಊರಿನ ನೀರಿನ ವ್ಯವಸ್ಥೆಯನ್ನೇ ಕುರಿತ ಪ್ರಶ್ನೆಯಾಗಿ ಬೆಳೆಯುತ್ತದೆ.

ಮೀನುಗಳ ಸಂಖ್ಯೆಯನ್ನು ಕುರಿತ ಶಾಸ್ತ್ರವು ಬೆಳೆದದ್ದು ಬಹುಮಟ್ಟಿಗೆ ಉತ್ತರದ ಶೀತಪ್ರದೇಶಗಳ ಸಮುದ್ರ ಮತ್ತು ಸರೋವರಗಳ ಅನುಭವದಿಂದ. ಬ್ರಿಟನ್ನಿನ ಮೀನುಗಾರಿಕೆ ವಿಜ್ಞಾನಿ ಇ. ಎಸ್. ರಸೆಲ್ ಅವರು 1931ರಲ್ಲಿ ಈ ವಿಚಾರವನ್ನು ಒಂದು ಸರಳವಾದ ಜಮಾಖರ್ಚಿನ ರೂಪಕ್ಕೆ ಇಳಿಸಿದರು. ಒಂದು ವರ್ಷದಲ್ಲಿ ಹೊಸದಾಗಿ ಬೆಳೆದು ಬಲೆಗೆ ಸಿಗುವ ಗಾತ್ರಕ್ಕೆ ಬಂದ ಮರಿಗಳು ಮತ್ತು ಇದ್ದ ಮೀನುಗಳ ಮೈಯಲ್ಲಿ ಹೆಚ್ಚಿದ ತೂಕ ಜಮೆಯ ಬದಿಗೆ ಸೇರಿದರೆ, ಸಹಜವಾಗಿ ಸತ್ತವು ಮತ್ತು ಮನುಷ್ಯರು ಹಿಡಿದವು ಖರ್ಚಿನ ಬದಿಗೆ ಸೇರುತ್ತವೆ. ಎರಡೂ ಬದಿ ಸರಿಹೋಗುವವರೆಗೆ ಮೀನಿನ ಸಂಪತ್ತು ಕರಗುವುದಿಲ್ಲ. ಅಮೆರಿಕದ ಮಿನ್ನೆಸೋಟಾ ಅಥವಾ ಕೆನಡಾದ ಒಂಟಾರಿಯೊ ಪ್ರಾಂತದ ಸಣ್ಣ ಸರೋವರಗಳಲ್ಲಿ ಮೀನುಗಳು ತಾವಾಗಿಯೇ ಮೊಟ್ಟೆಯಿಟ್ಟು ಮರಿಮಾಡುವುದರಿಂದ ಜಮೆಯ ಬದಿಯನ್ನು ಹೆಚ್ಚಾಗಿ ನಿಸರ್ಗವೇ ನೋಡಿಕೊಳ್ಳುತ್ತದೆ, ಸರ್ಕಾರದ ಕೆಲಸವು ಮುಖ್ಯವಾಗಿ ಖರ್ಚಿನ ಬದಿಯನ್ನು ಬಿಗಿಹಿಡಿಯುವುದಾಗಿರುತ್ತದೆ. ಒಬ್ಬರು ದಿನಕ್ಕೆ ಇಷ್ಟೇ ಮೀನು ಹಿಡಿಯಬೇಕು, ಇಷ್ಟು ಉದ್ದಕ್ಕಿಂತ ಚಿಕ್ಕದನ್ನು ನೀರಿಗೇ ಬಿಡಬೇಕು, ಮೊಟ್ಟೆಯಿಡುವ ಕಾಲದಲ್ಲಿ ಗಾಳ ಹಾಕಬಾರದು ಎಂಬಂಥ ನಿಯಮಗಳೆಲ್ಲ ಹುಟ್ಟಿದ್ದು ಈ ತರ್ಕದಿಂದಲೇ.

ಅದೇ ಜಮಾಖರ್ಚನ್ನು ಧಾರವಾಡ ಸೀಮೆಯ ಕೆರೆಗೆ ಅನ್ವಯಿಸಿದರೆ ಮೊದಲ ಸಾಲಿನಲ್ಲಿಯೇ ಲೆಕ್ಕ ಬದಲಾಗುತ್ತದೆ, ಏಕೆಂದರೆ ಇಲ್ಲಿ ಮಾರಾಟಕ್ಕಾಗಿ ಬೆಳೆಸುವ ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಮುಖ್ಯ ಗೆಂಡೆಮೀನುಗಳು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಸಂತಾನೋತ್ಪತ್ತಿ ಮಾಡುವುದಿಲ್ಲ. ಗಂಗಾ–ಬ್ರಹ್ಮಪುತ್ರಾ ಬಯಲಿನ ದೊಡ್ಡ ನದಿಗಳಲ್ಲಿ ಬೆಳೆದುಬಂದ ಈ ಜಾತಿಗಳು, ಮುಂಗಾರಿನ ಪ್ರವಾಹದಲ್ಲಿ ನದಿಯು ದಂಡೆಯನ್ನು ಮೀರಿ ಹರಡಿದಾಗ ಮಾತ್ರ ಮೊಟ್ಟೆಯಿಡುತ್ತವೆ; ಕೆರೆಯಲ್ಲಿದ್ದಾಗ ಹೊಟ್ಟೆಯಲ್ಲಿ ಮೊಟ್ಟೆ ಬಲಿತರೂ ಅದನ್ನು ಹೊರಹಾಕಲು ಬೇಕಾದ ಪ್ರಚೋದನೆ ಅವಕ್ಕೆ ಸಿಗದು. ಆ ಪ್ರಚೋದನೆಯನ್ನು ಮನುಷ್ಯರೇ ಒದಗಿಸಬಹುದೆಂದು ಗೆಂಡೆಮೀನುಗಳಲ್ಲಿ ತೋರಿಸಿಕೊಟ್ಟವರು ಮೀನುಗಾರಿಕೆ ವಿಜ್ಞಾನಿ ಹೀರಾಲಾಲ್ ಚೌಧುರಿ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ಒಂದು ಮೀನಿನಿಂದ ತೆಗೆದು, ಅದರ ಸತ್ವವನ್ನು ಇನ್ನೊಂದು ಮೀನಿಗೆ ಚುಚ್ಚುಮದ್ದಾಗಿ ಕೊಟ್ಟು ಮೊಟ್ಟೆಯಿಡಿಸುವ ಪ್ರಯೋಗದಲ್ಲಿ ಅವರು 1957ರ ಜುಲೈ 10ರಂದು ಒಡಿಶಾದಲ್ಲಿ ಯಶಸ್ಸು ಕಂಡರು. ಭಾರತದಲ್ಲಿ ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸಲಾಗುತ್ತದೆ. ಅಲ್ಲಿಯವರೆಗೆ ನದಿಯಲ್ಲಿ ಹಿಡಿದು ತರಬೇಕಿದ್ದ ಬಿತ್ತನೆ ಮರಿಗಳು ಆ ಬಳಿಕ ಮರಿ ಉತ್ಪಾದನಾ ಕೇಂದ್ರಗಳಲ್ಲಿಯೇ ದೊರೆಯತೊಡಗಿದವು, ಮತ್ತು ಪ್ರವಾಹದ ನದಿಯನ್ನು ಎಂದೂ ಕಾಣದ ದಖ್ಖನ್ನಿನ ಕೆರೆಗಳಲ್ಲಿಯೂ ಕಾಟ್ಲಾ ಬೆಳೆಯುವುದು ಸಾಮಾನ್ಯವಾಯಿತು.

ಆದ್ದರಿಂದ ಈ ಕೆರೆಗಳಲ್ಲಿ ಮುಖ್ಯ ಮೀನುಗಳ ಸಂಖ್ಯೆ ನಿರ್ಧಾರವಾಗುವುದು ಮಳೆಗಾಲದಲ್ಲಿ ಕೆರೆಯ ದಂಡೆಗೆ ಬಂದು ಇಳಿಯುವ, ಬಿತ್ತನೆ ಮರಿಗಳ ಪ್ಲಾಸ್ಟಿಕ್ ಚೀಲಗಳಿಂದ. ಮೂರರಲ್ಲಿ ಒಂದು ಭಾಗ ನೀರು, ಉಳಿದ ಭಾಗ ಆಮ್ಲಜನಕ ತುಂಬಿ ಬಾಯಿ ಬಿಗಿದ ಈ ಚೀಲಗಳನ್ನು ತಂದ ಕೂಡಲೇ ಬಿಚ್ಚುವಂತಿಲ್ಲ. ಕೆರೆಯ ನೀರಿನ ಮೇಲೆ ಕಾಲುಗಂಟೆಯಾದರೂ ತೇಲಬಿಟ್ಟು, ಒಳಗಿನ ನೀರಿನ ಬಿಸಿಯೂ ಹೊರಗಿನ ನೀರಿನ ಬಿಸಿಯೂ ಒಂದಾದ ಮೇಲೆ ಬಾಯಿ ಬಿಚ್ಚಿ, ಕೆರೆಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ಬಿಟ್ಟು, ಮರಿಗಳು ತಾವಾಗಿಯೇ ಈಜಿ ಹೊರಬರುವಂತೆ ಚೀಲವನ್ನು ಓರೆಯಾಗಿ ಹಿಡಿಯಬೇಕಾಗುತ್ತದೆ. ಅವಸರದಲ್ಲಿ ಚೀಲವನ್ನು ತಲೆಕೆಳಗು ಮಾಡಿ ಸುರಿದರೆ ಬಿಸಿಯ ಏರುಪೇರಿಗೇ ಅನೇಕ ಮರಿಗಳು ಸಾಯುತ್ತವೆ, ಆದರೆ ಅವು ತಳ ಸೇರುವುದರಿಂದ ಆ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಬಿಡುವ ಮರಿಯ ಗಾತ್ರವು ಇದಕ್ಕಿಂತಲೂ ದೊಡ್ಡ ವ್ಯತ್ಯಾಸವನ್ನು ಉಂಟುಮಾಡುತ್ತದೆ. ಮೊಟ್ಟೆಯೊಡೆದು ಕೆಲವೇ ದಿನಗಳಾದ ಕೂದಲೆಳೆಯಂಥ ಮರಿಗಳನ್ನು ಸ್ಪಾನ್ ಎಂದೂ, ಎರಡು–ಮೂರು ವಾರ ಬೆಳೆದು ಸುಮಾರು ಒಂದು ಅಂಗುಲವಾದವನ್ನು ಫ್ರೈ ಎಂದೂ, ಬೆರಳುದ್ದಕ್ಕೆ ಬಂದವನ್ನು ಫಿಂಗರ್‌ಲಿಂಗ್ ಅಥವಾ ಬಲಿತ ಬಿತ್ತನೆ ಎಂದೂ ಕರೆಯುತ್ತಾರೆ. ಹತ್ತು ಹೆಕ್ಟೇರ್ ನೀರು ನಿಲ್ಲುವ ಒಂದು ಕೆರೆಯಿಂದ ಹೆಕ್ಟೇರಿಗೆ 500 ಕಿಲೋ, ಅಂದರೆ ಒಟ್ಟು 5,000 ಕಿಲೋ ಮೀನು ಪಡೆಯುವುದು ಗುರಿಯೆಂದೂ, ಒಂದೊಂದು ಮೀನು ಒಂದು ಕಿಲೋ ತೂಗುತ್ತದೆಂದೂ ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಕೊಯ್ಲಿನ ಹೊತ್ತಿಗೆ 5,000 ಮೀನುಗಳು ಬದುಕಿರಬೇಕಾಗುತ್ತದೆ. ಬಲಿತ ಬಿತ್ತನೆಯಲ್ಲಿ ಅರ್ಧದಷ್ಟು ಉಳಿಯುವುದಾದರೆ 10,000 ಮರಿ ಸಾಕಾಗುತ್ತದೆ; ಅಂಗುಲದ ಮರಿಯಲ್ಲಿ ಹತ್ತರಲ್ಲೊಂದು ಮಾತ್ರ ಉಳಿಯುವುದಾದರೆ 50,000 ಬೇಕಾಗುತ್ತದೆ. ಕಡಿಮೆ ಬೆಲೆಗೆ ಸಿಗುವ ಚಿಕ್ಕ ಮರಿಯನ್ನೇ ಲಕ್ಷಗಟ್ಟಲೆ ಬಿಟ್ಟೆವೆಂದು ಹೇಳಿಕೊಳ್ಳುವ ಅಂಕಿಗಳು ಕಾಗದದ ಮೇಲೆ ದೊಡ್ಡವಾಗಿ ಕಂಡರೂ, ಅವುಗಳಲ್ಲಿ ಹೆಚ್ಚಿನ ಪಾಲು ಹಕ್ಕಿಗಳಿಗೆ, ಕಪ್ಪೆಗಳಿಗೆ ಮತ್ತು ಕೆರೆಯಲ್ಲಿಯೇ ಇರುವ ಹಿಂಸ್ರ ಮೀನುಗಳಿಗೆ ಆಹಾರವಾಗಿ ಮುಗಿದುಹೋಗುತ್ತದೆ. ಕೆರೆಯ ಅಂಚಿನಲ್ಲಿಯೇ ಒಂದು ಪುಟ್ಟ ಪಾಲನಾ ಕೊಳವನ್ನು ತೋಡಿ, ಅಥವಾ ಹಾಪಾ ಎಂದು ಕರೆಯುವ ಬಲೆಬಟ್ಟೆಯ ತೊಟ್ಟಿಗಳನ್ನು ನೀರಿನಲ್ಲಿ ಕಟ್ಟಿ, ಅಂಗುಲದ ಮರಿಯನ್ನು ಬೆರಳುದ್ದಕ್ಕೆ ಬೆಳೆಸಿ ಬಿಡುವುದು ಶ್ರಮದ ಕೆಲಸವಾದರೂ ಅಂತಿಮವಾಗಿ ಅಗ್ಗವಾಗುವುದು ಈ ಕಾರಣದಿಂದ.

ಮೂರು ಜಾತಿಗಳನ್ನು ಒಟ್ಟಿಗೆ ಬಿಡುವುದರ ಹಿಂದೆಯೂ ಒಂದು ವಿವೇಚನೆಯಿದೆ. ಕಾಟ್ಲಾ ಮೇಲುನೀರಿನಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳನ್ನು ತಿನ್ನುತ್ತದೆ, ರೋಹು ನಡುನೀರಿನಲ್ಲಿ ಮೇಯುತ್ತದೆ, ಮೃಗಾಲ್ ತಳದ ಕೊಳೆತ ಸಸ್ಯಾಂಶವನ್ನು ಆಶ್ರಯಿಸುತ್ತದೆ. ಹೀಗೆ ಒಂದರ ಮೇವನ್ನು ಇನ್ನೊಂದು ಕಸಿಯದಂತೆ ಕೆರೆಯ ಎಲ್ಲ ಪದರಗಳನ್ನೂ ಬಳಸಿಕೊಳ್ಳುವ ಕ್ರಮಕ್ಕೆ ಮಿಶ್ರ ಮೀನು ಕೃಷಿ ಎಂದು ಹೆಸರು. ಇವುಗಳ ಜೊತೆಗೆ 1959ರಲ್ಲಿ ಹೊರದೇಶಗಳಿಂದ ಭಾರತಕ್ಕೆ ತಂದ ಹುಲ್ಲುಗೆಂಡೆ ಮತ್ತು ಬೆಳ್ಳಿಗೆಂಡೆಗಳೂ, ನಿಂತ ನೀರಿನಲ್ಲಿಯೂ ಮೊಟ್ಟೆಯಿಡಬಲ್ಲ ಸಾಮಾನ್ಯ ಗೆಂಡೆಯೂ ಸೇರಿಕೊಂಡಿವೆ. ಸಾಮಾನ್ಯ ಗೆಂಡೆಯು ತಳವನ್ನು ಮೂತಿಯಿಂದ ಕೆದಕಿ ಮೇಯುವುದರಿಂದ ಹೂಳು ಎದ್ದು ನೀರು ರಾಡಿಯಾಗುತ್ತದೆ, ಬೆಳಕು ಒಳಗಿಳಿಯುವುದು ಕಡಿಮೆಯಾಗುತ್ತದೆ ಎಂಬುದು ಆ ಮೀನು ಹೋದ ದೇಶಗಳಲ್ಲೆಲ್ಲ ಕೇಳಿಬಂದಿರುವ ದೂರು.

ಯಾರೂ ಲೆಕ್ಕವಿಡದ ಮೀನುಗಳದು ಬೇರೆಯೇ ಕಥೆ. 1952ರಲ್ಲಿ ಭಾರತಕ್ಕೆ ಬಂದ ಮೊಜಾಂಬಿಕ್ ತಿಲಾಪಿಯಾವು ಕೆಲವೇ ತಿಂಗಳಲ್ಲಿ ಬೆದೆಗೆ ಬಂದು, ಮರಿಗಳನ್ನು ತಾಯಿಯ ಬಾಯಿಯಲ್ಲಿಯೇ ಕಾಪಾಡಿ, ವರ್ಷದಲ್ಲಿ ಹಲವು ಬಾರಿ ವಂಶ ಬೆಳೆಸುತ್ತದೆ. ಮೇವು ಅಷ್ಟೇ ಇದ್ದು ಬಾಯಿಗಳು ಹೆಚ್ಚಾದಾಗ ಕೆರೆಯ ತುಂಬ ಅಂಗೈಯಗಲದ, ಬೆಳೆಯದ, ಮಾರುಕಟ್ಟೆಯಲ್ಲಿ ಬೆಲೆ ಬಾರದ ಮೀನುಗಳೇ ಉಳಿಯುತ್ತವೆ. ಕುಬ್ಜತೆ ಎಂದು ಕರೆಯಬಹುದಾದ ಈ ಸ್ಥಿತಿಯು ಉತ್ತರದ ಸರೋವರಗಳ ಪರ್ಚ್ ಮೀನುಗಳಲ್ಲಿಯೂ ಕಂಡುಬರುವಂಥದ್ದು, ಮತ್ತು ಅಲ್ಲಿಯೂ ಇಲ್ಲಿಯೂ ಇದಕ್ಕೆ ಪರಿಹಾರವೆಂದರೆ ಹೆಚ್ಚು ಹಿಡಿಯುವುದೇ ಹೊರತು ಕಡಿಮೆ ಹಿಡಿಯುವುದಲ್ಲ. ಸಾಕಣೆಗೆ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಇನ್ನೊಂದು ಸಮಸ್ಯೆ. ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲ ಈ ಮಾಂಸಾಹಾರಿ ಮೀನು ಇತರ ಜಾತಿಗಳು ಬದುಕಲಾರದ ಕೊಳಚೆಯಲ್ಲಿಯೂ ಬೆಳೆದು ಉಳಿದವನ್ನು ತಿಂದುಹಾಕುತ್ತದೆ. ಸೊಳ್ಳೆಮರಿಗಳನ್ನು ತಿನ್ನಲೆಂದು ಬಿಡುವ ಗ್ಯಾಂಬೂಸಿಯಾ ಎಂಬ ಪುಟ್ಟ ಮೀನು ಕೂಡ ನಾಟಿ ಮೀನುಗಳ ಮೊಟ್ಟೆ ಮತ್ತು ಎಳೆಮರಿಗಳನ್ನು ಬಿಡುವುದಿಲ್ಲ. ಕೊರವ, ಚೇಳುಮೀನು, ಬಾಳೆಮೀನು, ಪಕ್ಕೆಯಂಥ ಸ್ಥಳೀಯ ಜಾತಿಗಳಿಗೆ ಚೀಲದಲ್ಲಿ ಬರುವ ಮರಿಗಳ ಆಸರೆ ಇಲ್ಲ; ಅವುಗಳಲ್ಲಿ ಹಲವು ಮೊದಲ ಮಳೆಗೆ ಹಳ್ಳವನ್ನೇರಿ, ನೀರು ಹೊಕ್ಕ ಹುಲ್ಲುಗಾವಲು ಮತ್ತು ಗದ್ದೆಗಳ ಆಳವಿಲ್ಲದ ನೀರಿನಲ್ಲಿ ಮೊಟ್ಟೆಯಿಡುವವು. ಮಲೆನಾಡಿನವರು ಹತ್ತುಮೀನು ಎಂದು ಕರೆಯುವ ಈ ಯಾತ್ರೆಗೆ ಕೆರೆಯ ಮೇಲುಗಡೆಯ ಹಳ್ಳ ತೆರೆದಿರಬೇಕು; ಹಳ್ಳವು ಕಾಂಕ್ರೀಟ್ ಚರಂಡಿಯಾದ ಕಡೆ, ಯಾರೊಬ್ಬರೂ ಬಲೆ ಹಾಕದಿದ್ದರೂ ಸ್ಥಳೀಯ ಮೀನಿನ ಸಂತತಿ ಕ್ಷೀಣಿಸುತ್ತದೆ.

ಇಷ್ಟಾದ ಮೇಲೂ ಮೀನು ಉಳಿಯುವುದು ಬಿಡುವುದು ನೀರಿನಲ್ಲಿ ಕರಗಿರುವ ಆಮ್ಲಜನಕದ ಮೇಲೆ ನಿಂತಿದೆ. ನೀರು ತಣ್ಣಗಿದ್ದಷ್ಟೂ ಹೆಚ್ಚು ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಸಮುದ್ರಮಟ್ಟದಲ್ಲಿ 10 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಮ್ ಹಿಡಿದರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ, ಧಾರವಾಡದ ಎತ್ತರದಲ್ಲಿ ಇನ್ನೂ ಸ್ವಲ್ಪ ಕಡಿಮೆಯಾಗುತ್ತದೆ. ಗೆಂಡೆಮೀನುಗಳು ಚೆನ್ನಾಗಿ ಬೆಳೆಯಲು ಸುಮಾರು 5 ಮಿಲಿಗ್ರಾಮ್ ಬೇಕಾಗುವುದರಿಂದ ಬೇಸಿಗೆಯ ಕೆರೆಯಲ್ಲಿ ಕೈಯಲ್ಲುಳಿಯುವ ಅಂತರ ಬಹಳ ಕಿರಿದು. ಉತ್ತರದ ಸರೋವರಗಳಿಗೆ ಗಂಡಾಂತರದ ಕಾಲವೆಂದರೆ ಚಳಿಗಾಲ. ಮೇಲೆ ಹಿಮಗಟ್ಟಿ, ಅದರ ಮೇಲೆ ಹಿಮ ಸುರಿದು ಬೆಳಕು ನಿಂತುಹೋದಾಗ ಸಸ್ಯಗಳು ಆಮ್ಲಜನಕ ತಯಾರಿಸಲಾರದೆ ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಇಲ್ಲಿ ಅದೇ ಗಂಡಾಂತರವು ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ಬರುತ್ತದೆ, ಮತ್ತು ಹಿಮದ ಪಾತ್ರವನ್ನು ಅಂತರಗಂಗೆ ಎಂಬ ಜಲಕಳೆಯ ಹಾಸು ವಹಿಸುತ್ತದೆ. ಪಾಚಿಯಿಂದ ಹಸಿರಾದ ನೀರು ಹಗಲಿನಲ್ಲಿ ಆಮ್ಲಜನಕವನ್ನು ಬೇಕಾದಷ್ಟು ಉತ್ಪಾದಿಸಿದರೂ, ರಾತ್ರಿ ಅದೇ ಪಾಚಿಯು ಉಸಿರಾಟಕ್ಕೆ ಅದನ್ನು ಬಳಸಿಕೊಳ್ಳುವುದರಿಂದ ಬೆಳಗಿನ ಜಾವದ ಹೊತ್ತಿಗೆ ಕೆರೆ ಬರಿದಾಗಿರುತ್ತದೆ. ಆ ಹೊತ್ತಿನಲ್ಲಿ ಕಾಟ್ಲಾಗಳು ಗುಂಪುಗುಂಪಾಗಿ ಮೇಲೆ ಬಂದು, ಬಾಯಿಯನ್ನು ನೀರಿನಿಂದ ಹೊರಗೆ ಚಾಚಿ ಗಾಳಿ ಗುಟುಕರಿಸುತ್ತಿದ್ದರೆ ಅಪಾಯ ಹತ್ತಿರವಾಗಿದೆ ಎಂದರ್ಥ. ಮೋಡ ಮುಸುಕಿದ ದಿನದ ಮರುದಿನ, ಅಥವಾ ಮೊದಲ ಅಡ್ಡಮಳೆಯು ಚರಂಡಿಗಳ ಕೊಳೆಯನ್ನೆಲ್ಲ ಒಮ್ಮೆಗೇ ಕೆರೆಗೆ ತಳ್ಳಿದ ಮರುದಿನ, ಸತ್ತ ಮೀನುಗಳು ದಂಡೆಗೆ ಬಂದು ಬೀಳುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಯಾರೋ ವಿಷ ಹಾಕಿದರೆಂಬ ಸಂಶಯವು ಸಹಜವಾದರೂ ಅನೇಕ ಸಲ ಅಪರಾಧಿಯು ಊರಿನ ಒಟ್ಟು ಕೊಳಚೆಯೇ ಆಗಿರುತ್ತದೆ.

ಕೊಳಚೆ ಕೆರೆಗೆ ಬರುವುದಕ್ಕೆ ಹುಬ್ಬಳ್ಳಿ–ಧಾರವಾಡ ಅವಳಿ ನಗರದ ನೀರಿನ ಇತಿಹಾಸವೂ ಒಂದು ಕಾರಣ. ಹುಬ್ಬಳ್ಳಿಯು ಒಂದು ಕಾಲಕ್ಕೆ ಉಣಕಲ್ ಕೆರೆಯ ನೀರನ್ನು, ಬಳಿಕ ಬೇಡ್ತಿ ಹಳ್ಳಕ್ಕೆ ಕಟ್ಟಿದ ನೀರಸಾಗರದ ನೀರನ್ನು ಕುಡಿಯುತ್ತಿತ್ತು. ಸವದತ್ತಿಯ ಬಳಿಯ ಮಲಪ್ರಭಾ ಜಲಾಶಯದಿಂದ ಕೊಳವೆಯಲ್ಲಿ ನೀರು ಬರತೊಡಗಿದ ಮೇಲೆ, ಕುಡಿಯುವವರೇ ಇಲ್ಲದ ಕೆರೆಗೆ ಕಾಯುವವರೂ ಇಲ್ಲವಾದರು. ಉಣಕಲ್ ಕೆರೆಯು ಮೇಲಿಂದ ಮೇಲೆ ಅಂತರಗಂಗೆಯಿಂದ ಮುಚ್ಚಿಕೊಂಡದ್ದು, ಅದನ್ನು ತೆಗೆಸಿದ ಮೇಲೂ ಮತ್ತೆ ಬೆಳೆದದ್ದು ಇದರ ಫಲ. ಬಚ್ಚಲು ಮತ್ತು ಶೌಚದ ನೀರು ಹೊತ್ತು ತರುವ ಸಾರಜನಕ ಹಾಗೂ ರಂಜಕಗಳು ಆ ಕಳೆಗೆ ಗೊಬ್ಬರವಾಗಿರುವವರೆಗೆ ಕಳೆಯನ್ನು ಮಾತ್ರ ಕೀಳುವುದರಿಂದ ಪ್ರಯೋಜನವಿಲ್ಲ. ಕೋಲ್ಕತ್ತದ ಪೂರ್ವದಲ್ಲಿ ನಗರದ ಕೊಳಚೆನೀರಿನಿಂದಲೇ ಬಹುಕಾಲದಿಂದ ಮೀನು ಬೆಳೆಸುತ್ತಿದ್ದಾರಲ್ಲ ಎಂದು ಕೇಳಬಹುದು. ಆದರೆ 2002ರಲ್ಲಿ ರಾಮ್ಸಾರ್ ತಾಣವಾಗಿ ಮನ್ನಣೆ ಪಡೆದ ಆ ಜೌಗುಭೂಮಿಯಲ್ಲಿ ಕೊಳಚೆಯನ್ನು ಆಳವಿಲ್ಲದ ಕೊಳಗಳಲ್ಲಿ ಬಿಸಿಲಿಗೆ ನಿಲ್ಲಿಸಿ, ಎಷ್ಟು ಬೇಕೋ ಅಷ್ಟನ್ನು ಮಾತ್ರ ಬೇಕಾದಾಗ ಒಳಬಿಡುವ ಕೈ ಮೀನುಗಾರರದ್ದೇ ಆಗಿರುತ್ತದೆ. ಚರಂಡಿಯ ಕೊನೆಗೆ ಸಿಕ್ಕಿಬಿದ್ದ ಕೆರೆಯಲ್ಲಿ ಅಂಥ ಕೈ ಇರುವುದಿಲ್ಲ.

ನೀರಿನ ಗುಣದಷ್ಟೇ ಅದರ ಪ್ರಮಾಣವೂ ಮುಖ್ಯ. ಮೇಲಿನ ಲೆಕ್ಕದ ಹತ್ತು ಹೆಕ್ಟೇರ್ ಕೆರೆಯು ಬೇಸಿಗೆಯಲ್ಲಿ ಮೂರು ಹೆಕ್ಟೇರಿಗೆ ಕುಗ್ಗಿತೆಂದರೆ, ಹೆಕ್ಟೇರಿಗೆ 500 ಕಿಲೋ ಇದ್ದ ಮೀನು ಒಂದನ್ನೂ ಸೇರಿಸದೆಯೇ 1,600 ಕಿಲೋ ದಾಟುತ್ತದೆ. ಹೂಳು ತುಂಬಿ ಆಳ ಕಳೆದುಕೊಂಡ ಕೆರೆಯಲ್ಲಿ ಈ ಕುಗ್ಗುವಿಕೆ ಇನ್ನೂ ಬೇಗ ಆಗುತ್ತದೆ. ಕೆರೆಯನ್ನು ಕಟ್ಟಿದ್ದು ಬೆಳೆಗೆ ಮತ್ತು ಜನ–ಜಾನುವಾರುಗಳಿಗೆ ನೀರು ಕೊಡಲಿಕ್ಕಾಗಿ, ಮೀನು ಅದರ ಬೆನ್ನಿಗೆ ಬಂದದ್ದು. ಆದ್ದರಿಂದ ತೂಬು ತೆರೆಯಬಾರದೆಂದು ರೈತರಿಗೆ ಹೇಳುವ ಹಕ್ಕು ಮೀನು ಬೆಳೆಸಿದವರಿಗೆ ಇರದು. ಆದರೆ ತೂಬಿನ ಮಟ್ಟಕ್ಕಿಂತ ಕೆಳಗೆ ನಿಲ್ಲುವ ನೀರನ್ನೂ ಪಂಪು ಹಚ್ಚಿ ಎತ್ತುವುದು ಬೇರೆ ವಿಷಯ. ತಳದ ಆ ನೀರು ಉಳಿದರೆ ಸುತ್ತಲಿನ ಬಾವಿ, ಕೊಳವೆಬಾವಿಗಳಿಗೂ ಜಿನುಗು ಸಿಗುತ್ತದೆ, ಮುಂದಿನ ಮಳೆಗಾಲಕ್ಕೆ ಸ್ಥಳೀಯ ಮೀನಿನ ತಾಯಿಬೀಜವೂ ಉಳಿಯುತ್ತದೆ.

ಈ ಎಲ್ಲ ಸಂಗತಿಗಳೂ ಕೊನೆಗೆ ಬಂದು ಸೇರುವುದು ಪಾಶುವಾರು ಹಕ್ಕಿನ ಕಾಗದದಲ್ಲಿ. ಕೆರೆಯಲ್ಲಿ ಮೀನು ಬೆಳೆಸಿ ಹಿಡಿಯುವ ಹಕ್ಕನ್ನು ಕರ್ನಾಟಕದಲ್ಲಿ ಮೀನು ಪಾಶುವಾರು ಹಕ್ಕು ಎನ್ನುತ್ತಾರೆ. ಅದನ್ನು ಮೀನುಗಾರಿಕೆ ಇಲಾಖೆ ಅಥವಾ ಸ್ಥಳೀಯ ಸಂಸ್ಥೆಯು ಮೀನುಗಾರರ ಸಹಕಾರ ಸಂಘಕ್ಕೆ ಗುತ್ತಿಗೆಯಾಗಿ ಕೊಡುವುದು ಇಲ್ಲವೇ ಟೆಂಡರ್ ಮತ್ತು ಹರಾಜಿನ ಮೂಲಕ ವಿಲೇವಾರಿ ಮಾಡುವುದು ರೂಢಿ, ಮತ್ತು ಗುತ್ತಿಗೆಯ ಅವಧಿ ಸಾಮಾನ್ಯವಾಗಿ ಐದು ವರ್ಷ. ಒಳನಾಡು ಮೀನುಗಾರಿಕೆಯ ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣಕ್ಕಾಗಿ 1996ರ ಕಾಯಿದೆಯೂ, ಕೆರೆಗಳ ಸಂರಕ್ಷಣೆಗಾಗಿ 2014ರಲ್ಲಿ ರೂಪುಗೊಂಡ ಪ್ರತ್ಯೇಕ ಪ್ರಾಧಿಕಾರದ ಕಾಯಿದೆಯೂ ರಾಜ್ಯದಲ್ಲಿವೆ. ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಆರಂಭವಾದ ಜಲ ಸಂವರ್ಧನೆ ಯೋಜನೆಯು ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿ, ಹೂಳು, ನೀರಾವರಿ, ಮೀನುಗಾರಿಕೆ ಎಲ್ಲವನ್ನೂ ಒಂದೇ ಸಂಘದ ಕೈಗೆ ತರುವ ಪ್ರಯತ್ನ ಮಾಡಿತ್ತು. ಆ ಯೋಜನೆಯ ಹಿಂದಿನ ವಿಚಾರ ಇಂದಿಗೂ ಸರಿಯಾದದ್ದೇ, ಏಕೆಂದರೆ ಕೆರೆಯ ನೀರು ಒಂದು ಇಲಾಖೆಗೆ, ನೆಲ ಇನ್ನೊಂದಕ್ಕೆ, ಚರಂಡಿ ಪಾಲಿಕೆಗೆ, ಮೀನು ಗುತ್ತಿಗೆದಾರರಿಗೆ ಎಂದು ಹಂಚಿಹೋದಾಗ ಮೀನು ಸತ್ತ ದಿನ ಉತ್ತರ ಹೇಳುವವರು ಯಾರೂ ಸಿಗುವುದಿಲ್ಲ.

ಗುತ್ತಿಗೆಯ ಮೊತ್ತವೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಹೆಚ್ಚು ಕೂಗಿದವರಿಗೆ ಕೆರೆ ಹೋಗುತ್ತದೆ, ಅವರು ಹಾಕಿದ ಹಣವನ್ನು ಐದು ವರ್ಷಗಳ ಒಳಗೆ ಎತ್ತಲೇಬೇಕಾದ್ದರಿಂದ ಬೇಗ ಬೆಳೆಯುವುದನ್ನು ಒತ್ತಾಗಿ ಬಿಡುತ್ತಾರೆ, ಕೊನೆಯ ವರ್ಷ ಸಣ್ಣಕಣ್ಣಿನ ಬಲೆಯಿಂದ ತಳವನ್ನೂ ಬಾಚುತ್ತಾರೆ. ಇದರಲ್ಲಿ ಗುತ್ತಿಗೆದಾರರ ದುರಾಸೆಗಿಂತ ಗುತ್ತಿಗೆಯ ರಚನೆಯ ದೋಷವೇ ಹೆಚ್ಚು. ಬಿಟ್ಟ ಮರಿಗಳು ಚರಂಡಿ ನೀರಿಗೆ ಸತ್ತರೆ ನಷ್ಟವೆಲ್ಲ ಅವರದು, ಕೆರೆಯನ್ನು ಸುಧಾರಿಸಿದರೆ ಲಾಭ ಮುಂದಿನ ಗುತ್ತಿಗೆದಾರರದು ಎಂದಿರುವಾಗ, ಕೆರೆಗಾಗಿ ಒಂದು ರೂಪಾಯಿ ಖರ್ಚು ಮಾಡುವ ಕಾರಣ ಅವರಿಗೆ ಇರುವುದಿಲ್ಲ.

ಸುಧಾರಣೆಗೆ ಬೇಕಾದ ಮಾಹಿತಿಯನ್ನು ಕಲೆಹಾಕುವುದು ಇಲ್ಲಿ ಉತ್ತರದ ಸರೋವರಗಳಿಗಿಂತ ಸುಲಭ. ಆಳವಾದ ಸರೋವರದಲ್ಲಿ ಎಷ್ಟು ಮೀನಿದೆಯೆಂದು ತಿಳಿಯಲು ಡೆನ್ಮಾರ್ಕಿನ ಜೀವವಿಜ್ಞಾನಿ ಪೀಟರ್ಸನ್ ಅವರ ಹೆಸರಿನ ಗುರುತುಹಾಕುವ ವಿಧಾನವನ್ನು ಬಳಸುತ್ತಾರೆ: 200 ಮೀನುಗಳಿಗೆ ಗುರುತು ಹಾಕಿ ಬಿಟ್ಟು, ಮತ್ತೊಮ್ಮೆ ಹಿಡಿದ 150ರಲ್ಲಿ 10 ಗುರುತಿನವು ಸಿಕ್ಕರೆ, ಒಟ್ಟು ಸಂಖ್ಯೆ ಸುಮಾರು 3,000 ಎಂದು ಊಹಿಸುತ್ತಾರೆ. ಕೆರೆಯಲ್ಲಿಯಾದರೋ ಬಿಟ್ಟದ್ದೂ ಎಣಿಸಿಯೇ, ಹಿಡಿದದ್ದೂ ತೂಗಿಯೇ ಆಗಿರುವುದರಿಂದ, ಯಾವ ಗಾತ್ರದ ಎಷ್ಟು ಮರಿ ಬಿಡಲಾಯಿತು, ಯಾವ ತಿಂಗಳಲ್ಲಿ ಯಾವ ಜಾತಿಯ ಎಷ್ಟು ಕಿಲೋ ಸಿಕ್ಕಿತು ಎಂಬುದನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಮೂರು–ನಾಲ್ಕು ವರ್ಷಗಳಲ್ಲಿ ಆ ಕೆರೆಯ ಸಾಮರ್ಥ್ಯ ಗೊತ್ತಾಗುತ್ತದೆ. ಅದೇ ವಹಿಯಲ್ಲಿ ತೂಬಿನ ಕಲ್ಲಿನ ಮೇಲಿನ ನೀರಿನ ಮಟ್ಟವನ್ನೂ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬೆಳಗಿನ ಜಾವದ ಆಮ್ಲಜನಕದ ಅಳತೆಯನ್ನೂ ಸೇರಿಸಿದರೆ, ಮೀನು ಕಡಿಮೆಯಾದದ್ದು ಬಲೆಯಿಂದಲೋ ನೀರಿನಿಂದಲೋ ಎಂಬುದು ವಾದಕ್ಕೆ ಆಸ್ಪದವಿಲ್ಲದಂತೆ ತೀರ್ಮಾನವಾಗುತ್ತದೆ.

ಹಾಗಾಗಿ ಲಕಮನಹಳ್ಳಿಯ ಆಸುಪಾಸಿನಂಥ, ಬೇಗ ಬೇಗ ನಗರವಾಗುತ್ತಿರುವ ಸೀಮೆಯ ಕೆರೆಗಳಿಗೆ, ಹಿಡಿಯುವ ಮೀನಿನ ಮಿತಿಯನ್ನು ಹೇಳುವ ನಿಯಮಗಳಿಗಿಂತ ಮೊದಲು ಗುತ್ತಿಗೆಯ ಕಾಗದದಲ್ಲಿ ನೀರಿನ ಷರತ್ತುಗಳು ಬರಬೇಕಾಗಿದೆ. ತೂಬಿನ ಕೆಳಗಿನ ನೀರನ್ನು ಯಾರೂ ಎತ್ತುವಂತಿಲ್ಲ ಎಂಬುದು, ಅಂಗುಲದ ಮರಿಯ ಬದಲು ಬಲಿತ ಬಿತ್ತನೆಯನ್ನೇ ಬಿಡಬೇಕೆಂಬುದು, ಮೇಲುಗಡೆಯ ಹಳ್ಳದ ಬಾಯಿಯ ಜೊಂಡು ಬೆಳೆದ ಭಾಗದಲ್ಲಿ ಮಳೆಗಾಲದ ಮೊದಲ ಎರಡು ತಿಂಗಳು ಬಲೆ ಹಾಕುವಂತಿಲ್ಲ ಎಂಬುದು ಗುತ್ತಿಗೆ ಪಡೆದವರ ಮೇಲಿನ ಷರತ್ತುಗಳಾದರೆ, ಚರಂಡಿ ನೀರನ್ನು ಶುದ್ಧೀಕರಿಸದೆ ಕೆರೆಗೆ ಬಿಡುವುದಿಲ್ಲ ಮತ್ತು ಬಿಟ್ಟದ್ದರಿಂದ ಮೀನು ಸತ್ತರೆ ಗುತ್ತಿಗೆಯ ಮೊತ್ತದಲ್ಲಿ ಅಷ್ಟನ್ನು ಕಳೆಯಲಾಗುವುದು ಎಂಬುದು ಗುತ್ತಿಗೆ ಕೊಡುವವರ ಮೇಲಿನ ಷರತ್ತಾಗಬೇಕು. ಕೊಳಚೆಗೆ ಹೀಗೆ ಬೆಲೆ ನಿಗದಿಯಾದ ದಿನ, ಕೆರೆಯನ್ನು ಕಾಯುವುದರಲ್ಲಿ ಮೀನುಗಾರರಿಗೆ ಇರುವಷ್ಟೇ ಆಸಕ್ತಿ ಅದರ ಒಡೆತನ ಹೊಂದಿದ ಸಂಸ್ಥೆಗೂ ಬರುತ್ತದೆ.